ಡಬ್ಬದ ಮೇಲೆ 12 ವಾಟ್, ಒಳಗಿನ ತಟ್ಟೆಯ ಮೇಲೆ 7: ಎಲ್‌ಇಡಿ ಬಲ್ಬ್ ಕೊಳ್ಳುವವರು ದಯವಿಟ್ಟು ಓದಿ

ಎಲ್‌ಇಡಿ ಬಲ್ಬ್ ತರಲು ಬೆಂಗಳೂರಿನ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆಗೆ ಹೊರಟಿರುವವರು ಇದನ್ನು ಓದಿಕೊಂಡು ಹೋಗಿ. ಅಲ್ಲಿನ ಅಂಗಡಿಗಳೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ; ನಮ್ಮ ಮನೆಯ ವೈರು, ಸ್ವಿಚ್ಚು, ಫ್ಯಾನು ಎಲ್ಲವೂ ಆ ರಸ್ತೆಗಳಿಂದಲೇ ಬಂದವು. ಆದರೆ ಈ ಸಲ ಒಂದು ಅಂಗಡಿಯಲ್ಲಿ "12 ವಾಟ್, ಎರಡು ವರ್ಷ ಗ್ಯಾರಂಟಿ" ಎಂದು ಹೇಳಿ ನನ್ನ ಕೈಗೆ ಕೊಟ್ಟದ್ದು 7 ವಾಟಿನ ಬಲ್ಬುಗಳನ್ನು, ಮತ್ತು ಆ ಗ್ಯಾರಂಟಿ ಅಂಗಡಿಯಾತನ ಬಾಯಿಮಾತಿನ ಹೊರಗೆ ಎಲ್ಲಿಯೂ ಇರಲಿಲ್ಲ.

ಮಹಡಿಯ ಮನೆಗೆ ಹೊಸ ಬಾಡಿಗೆದಾರರು ಬರುವವರಿದ್ದರು. ಹಾಲ್, ಅಡುಗೆಮನೆ, ಮೆಟ್ಟಿಲು ಎಲ್ಲಕ್ಕೂ ಸೇರಿ ಎರಡು ಡಜನ್ ಬಲ್ಬ್ ಬೇಕಾಗಿತ್ತು. ನಾನು ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಂಪನಿಯ ಬಲ್ಬನ್ನೇ. "ಸಾರ್, ಅದರಲ್ಲಿ ಟೀವಿ ಜಾಹೀರಾತಿಗೂ ಸೇರಿಸಿ ದುಡ್ಡು ಕೊಡ್ತೀರಿ, ಒಳಗಿನ ಮಾಲು ಎರಡರಲ್ಲೂ ಒಂದೇ" ಎಂದು ಆತ ಬೇರೊಂದು ಹೆಸರಿನ ಡಬ್ಬ ತೆಗೆದ. ಅದರ ಮೇಲೆ ಎಂಆರ್‌ಪಿ 299 ರೂಪಾಯಿ, ನನಗೆ 65. ತನ್ನ ಟೆಸ್ಟಿಂಗ್ ಬೋರ್ಡಿಗೆ ಹಾಕಿ ಉರಿಸಿಯೂ ತೋರಿಸಿದ. ಒಂದಡಿ ದೂರದಲ್ಲಿ, ನೇರವಾಗಿ ಕಣ್ಣಿಗೆ ಹೊಡೆಯುವಂತೆ ಹಚ್ಚಿದರೆ ಯಾವ ಬಲ್ಬ್ ತಾನೇ ಪ್ರಖರವಾಗಿ ಕಾಣುವುದಿಲ್ಲ? ಬಿಲ್ ಕೇಳಿದ್ದಕ್ಕೆ, "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರತ್ತೆ, ನಿಮಗ್ಯಾಕೆ ಸಾರ್, ನಾನಿಲ್ಲೇ ಇರ್ತೀನಲ್ಲ" ಎಂದು ಹೇಳಿ, ಒಂದು ಚೀಟಿಯಲ್ಲಿ ಮೊತ್ತ ಬರೆದು ಸೀಲು ಒತ್ತಿದ.

ಬಾಡಿಗೆಗೆ ಬಂದ ಹುಡುಗಿ ಬಹಳ ಮರ್ಯಾದೆಯಿಂದಲೇ, "ಅಂಕಲ್, ರಾತ್ರಿ ಹೊತ್ತು ಅಕ್ಕಿಯಲ್ಲಿ ಕಲ್ಲು ಕಾಣಿಸೋದಿಲ್ಲ, ಇನ್ನೊಂದು ಪಾಯಿಂಟ್ ಹಾಕಿಸಿಕೊಡ್ತೀರಾ?" ಎಂದು ಕೇಳಿದಾಗ ನನಗಾದ ಮುಜುಗರವನ್ನು ಏನೆಂದು ಹೇಳಲಿ. ಅಡುಗೆಮನೆಯಲ್ಲಿದ್ದದ್ದು 12 ವಾಟಿನ ಬಲ್ಬ್. ನಮ್ಮ ದೇವರಮನೆಯಲ್ಲಿ, ಸರ್ಕಾರದ "ಹೊಸ ಬೆಳಕು" ಯೋಜನೆಯಲ್ಲಿ ಕೊಂಡಿದ್ದ 9 ವಾಟಿನ ಹಳೆಯ ಬಲ್ಬ್ ಇಂದಿಗೂ ಉರಿಯುತ್ತಿದೆ, ಮತ್ತು ಅದರ ಬೆಳಕೇ ಹೆಚ್ಚು. ಆಗಲೇ ಅನುಮಾನ ಶುರುವಾಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಹೆಚ್ಚಾದ ಮೇಲೆ ಬಲ್ಬುಗಳು ಒಂದೊಂದಾಗಿ ಮಿಣುಕತೊಡಗಿ, ಕಡೆಗೆ ಆರಿಹೋದವು.

ನಮಗೆ ವೈರಿಂಗ್ ಮಾಡಿಕೊಡುವ ಹುಡುಗ ಆರಿದ ಒಂದು ಬಲ್ಬಿನ ಬಿಳಿ ಮುಚ್ಚಳವನ್ನು ತಿರುಚಿ ತೆಗೆದ. ಒಳಗೊಂದು ತೆಳುವಾದ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಸಣ್ಣ ಸಣ್ಣ ಎಲ್‌ಇಡಿಗಳು, ಅವುಗಳಲ್ಲೊಂದರ ನಡುವೆ ಸುಟ್ಟ ಕಪ್ಪು ಚುಕ್ಕೆ; ಎಲ್ಲವೂ ಸಾಲಾಗಿ ಒಂದೇ ದಾರಿಯಲ್ಲಿ ಜೋಡಿಸಿದ್ದರಿಂದ ಒಂದು ಸುಟ್ಟರೆ ಪೂರ್ತಿ ಬಲ್ಬೇ ಕತ್ತಲು. ಆ ತಟ್ಟೆಯ ಅಂಚಿನಲ್ಲಿ ಪುಟ್ಟ ಅಕ್ಷರಗಳಲ್ಲಿ 7 ವಾಟ್ ಎಂದು ಅಚ್ಚಾಗಿತ್ತು! ಡಬ್ಬದ ಮೇಲೆ 12, ಬಲ್ಬಿನ ಮೈಮೇಲೆ 12, ಒಳಗೆ ಮಾತ್ರ 7. ನಾನು ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. 7 ಎಂದೇ ಇತ್ತು. ಇನ್ನೂ ಉರಿಯುತ್ತಿದ್ದ ಒಂದನ್ನು ಆತ ತನ್ನ ಮೀಟರಿಗೆ ಜೋಡಿಸಿದಾಗ ಏಳನ್ನೂ ಮುಟ್ಟಲಿಲ್ಲ. "ಅಣ್ಣ, ಬಾಡಿ, ತಟ್ಟೆ, ಮುಚ್ಚಳ ಎಲ್ಲ ಬಿಡಿಬಿಡಿಯಾಗಿ ಸಿಗತ್ತೆ, ಮೇಲೆ ಯಾವ ಹೆಸರು, ಎಷ್ಟು ವಾಟ್ ಬೇಕೋ ಲೇಸರ್‌ನಲ್ಲಿ ಹೊಡೆಸ್ಕೋಬಹುದು" ಎಂದು ನಕ್ಕ. ಆ ನಗುವಿನ ಮುಂದೆ ನಾನು ನಿಂತಿದ್ದ ರೀತಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟ್, ಇರಬೇಕಾದ ಜಾಗದಲ್ಲಿ ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ನಾಲ್ಕು ಡಯೋಡ್, ಅಷ್ಟೇ ಇತ್ತು. ಒಳ್ಳೆಯ ಬಲ್ಬಿನ ಡ್ರೈವರ್ ಮನೆಯ ವೋಲ್ಟೇಜ್ ಏರಿದರೂ ಇಳಿದರೂ ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಇದರಲ್ಲಿ ಹಾಗಿಲ್ಲ, ವೋಲ್ಟೇಜ್ ಏರಿದರೆ ಕರೆಂಟೂ ಏರುತ್ತದೆ, ಬಿಸಿಯೂ ಏರುತ್ತದೆ, ಎಲ್‌ಇಡಿ ಸುಡುತ್ತದೆ.

ಬಲ್ಬುಗಳನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಮೊದಲ ಉತ್ತರ: "ಇದು ನಮ್ಮ ಅಂಗಡಿದಲ್ಲ ಸಾರ್." ಸೀಲು ಒತ್ತಿದ ಚೀಟಿ ತೋರಿಸಿದೆ. ಆಗ, "ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಸರಿ ಇಲ್ಲ, ಬೆಸ್ಕಾಂನವರನ್ನ ಕೇಳಿ." ಅದೇ ಲೈನಿನಲ್ಲಿ, ಅದೇ ಮನೆಯಲ್ಲಿ ಬೇರೆ ಬಲ್ಬುಗಳು ಉರಿಯುತ್ತಿವೆಯಲ್ಲ ಎಂದೆ. "ಗ್ಯಾರಂಟಿ ಕಂಪನಿದು, ನಂದಲ್ಲ, ಕಂಪನಿ ಹುಡುಗ ಬಂದಾಗ ಹೇಳ್ತೀನಿ." ಯಾವ ಕಂಪನಿ, ಎಲ್ಲಿದೆ, ಫೋನ್ ನಂಬರ್ ಏನು? ಡಬ್ಬದ ಮೇಲೆ ತಯಾರಕರ ವಿಳಾಸವೂ ಇಲ್ಲ, ಗ್ರಾಹಕರು ದೂರು ಹೇಳುವ ನಂಬರೂ ಇಲ್ಲ. ಕೊನೆಗೆ, ಒಳಗಿನ 7 ವಾಟಿನ ತಟ್ಟೆಯನ್ನು ಆತನ ಮೇಜಿನ ಮೇಲೆ ಇಟ್ಟಾಗ, "ನೀವು ಬಿಚ್ಚಿಬಿಟ್ರಲ್ಲ ಸಾರ್, ಬಿಚ್ಚಿದ ಮಾಲಿಗೆ ಗ್ಯಾರಂಟಿ ಎಲ್ಲಿಂದ ಬರತ್ತೆ" ಎಂದ. ಬಿಚ್ಚದಿದ್ದರೆ ವೋಲ್ಟೇಜ್ ಸರಿ ಇಲ್ಲ, ಬಿಚ್ಚಿದರೆ ಗ್ಯಾರಂಟಿ ಇಲ್ಲ! ಇನ್ನಿಬ್ಬರು ಗಿರಾಕಿಗಳ ಎದುರಿನಲ್ಲೇ, "65 ರೂಪಾಯಿಗೆ ಇನ್ನೇನು ಬರತ್ತೆ ಹೇಳಿ" ಎಂದೂ ಸೇರಿಸಿದ. ಒಳಗಿನ ಮಾಲು ಒಂದೇ ಎಂದು ಹೇಳಿದ್ದೂ ಅದೇ ಬಾಯಿ. ಚೀಟಿಯ ಕೆಳಗೆ "ಮಾರಿದ ಸಾಮಾನನ್ನು ವಾಪಸ್ ಪಡೆಯುವುದಿಲ್ಲ" ಎಂದು ಅಚ್ಚು ಹಾಕಿಸಿದ್ದನ್ನು ತೋರಿಸಿದ. ಬಿಲ್ ಕೊಡದಿರುವುದೂ, ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ನಿರಾಕರಿಸುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರವೇ ಎಂದು ನಾನು ಹೇಳುತ್ತಿರುವಾಗಲೇ ಆತ ಮುಂದಿನ ಗಿರಾಕಿಗೆ ವೈರು ಅಳೆಯತೊಡಗಿದ್ದ.

ಮನೆಗೆ ಬಂದು ಡಬ್ಬದ ಮೇಲಿದ್ದ, "ಆರ್" ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಆ ಸಂಖ್ಯೆ ಬೇರೆ ಯಾರದೋ ಮೊಬೈಲ್ ಚಾರ್ಜರಿನದು. ಇದನ್ನು ಅಂಗಡಿಯಲ್ಲೇ ನಿಂತು ನಿಮಿಷದೊಳಗೆ ನೋಡಬಹುದು. ನೀವು ಕೊಳ್ಳುವ ಮೊದಲು ನೋಡಿ, ಅಂಗಡಿಯಾತ ಮುಖ ಸಿಂಡರಿಸಿದರೂ ನೋಡಿ.

ವಾಟ್ ಎಂಬುದು ಬಲ್ಬ್ ತಿನ್ನುವ ಕರೆಂಟಿನ ಲೆಕ್ಕವೇ ಹೊರತು ಕೊಡುವ ಬೆಳಕಿನದಲ್ಲ. ಬೆಳಕಿನ ಲೆಕ್ಕ ಲುಮೆನ್. ಒಳ್ಳೆಯ 9 ವಾಟಿನ ಬಲ್ಬ್ ಸುಮಾರು 900 ಲುಮೆನ್ ಕೊಡುತ್ತದೆ. ನನಗೆ ಸಿಕ್ಕ ಡಬ್ಬದ ಮೇಲೆ "ಸೂಪರ್ ಬ್ರೈಟ್" ಎಂದು ದಪ್ಪಕ್ಷರದಲ್ಲಿತ್ತು, ಲುಮೆನ್ ಎಷ್ಟೆಂದು ಒಂದು ಮೂಲೆಯಲ್ಲಿಯೂ ಇರಲಿಲ್ಲ. ಲುಮೆನ್ ಬರೆಯದ ಡಬ್ಬವನ್ನು ಮುಟ್ಟಲೇಬೇಡಿ. 299ರ ಎಂಆರ್‌ಪಿಯನ್ನು ಹೊಡೆದು 65ಕ್ಕೆ ಕೊಟ್ಟರೆ ನಿಮಗೆ ಉಳಿದದ್ದು ಏನೂ ಇಲ್ಲ, ಆ 299 ಯಾರೋ ಮನಸ್ಸಿಗೆ ಬಂದಂತೆ ಅಚ್ಚು ಹಾಕಿದ ಅಂಕಿ. ಉರಿಯುವ ಬಲ್ಬನ್ನು ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡಿ. ದಪ್ಪ ಕಪ್ಪು ಪಟ್ಟಿಗಳು ಹರಿದಾಡಿದರೆ ಡ್ರೈವರ್ ಅಗ್ಗದ್ದು. ಜಿಎಸ್‌ಟಿ ಸೇರಿದರೂ ಸೇರಲಿ, ಬಿಲ್ ಪಡೆಯಿರಿ, ಗ್ಯಾರಂಟಿಯನ್ನು ಅದರ ಮೇಲೆಯೇ ಬರೆಸಿಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಚೀಟಿ ಮತ್ತು ತಟ್ಟೆಯ ಫೋಟೋಗಳೊಂದಿಗೆ ದೂರು ದಾಖಲಿಸಿದ್ದೇನೆ. ಅದಾದ ಮೇಲೆ ಅಂಗಡಿಯಿಂದ ಫೋನ್ ಬಂದು, "ಅಷ್ಟಕ್ಕೆಲ್ಲ ಕಂಪ್ಲೇಂಟ್ ಯಾಕೆ ಸಾರ್, ಬನ್ನಿ, ಬೇರೆ ಬಲ್ಬ್ ಕೊಡ್ತೀನಿ" ಎಂದರು. ಅದೇ ಹೆಸರಿನ ಬಲ್ಬೇ ಎಂದು ಕೇಳಿದೆ. ಹೌದಂತೆ. ಬಲ್ಬ್ ಬೇಡ, ಹಣ ಕೊಡಿ ಎಂದಿದ್ದೇನೆ, ಇನ್ನೂ ಕೊಟ್ಟಿಲ್ಲ.