ಲೀ ಕ್ಲಾಸಿಕ್ ಟರೆಟ್ ಪ್ರೆಸ್: ತೋಟಾ ಸಿಗದ ಕಾಲಕ್ಕೆ ಇದು ಎಷ್ಟು ಆಸರೆ?

ಅಮೆರಿಕದಲ್ಲಿ 2020-21ರಲ್ಲಿ 9 ಎಂಎಂ ತೋಟಾ ಅಂಗಡಿಗಳಿಂದ ಮಾಯವಾದಾಗ ಹಾರಿಸಿದ ತೋಟಾದ ಖಾಲಿ ಕೇಸಿಗೆ (ಕವಚಕ್ಕೆ) ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬುವ ರೀಲೋಡಿಂಗ್ ಪ್ರೆಸ್‌ಗೂ ಮುಗಿಬಿದ್ದವರು ಬಹಳ. ಪ್ರೆಸ್ ಮನೆಗೆ ಬಂದಮೇಲೆ ಗೊತ್ತಾಗಿದ್ದು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ಕೇಸಿನ ತಳದ ಪುಟ್ಟ ಬಟ್ಟಲು) ಇಲ್ಲದೆ ಅದು ಬರೀ ಕಬ್ಬಿಣ ಎಂದು. ಹಿತ್ತಾಳೆಯ ಕೇಸನ್ನು ಮತ್ತೆ ಮತ್ತೆ ಬಳಸಬಹುದು, ಸೀಸದ ಗುಂಡನ್ನು ಎರಕ ಹೊಯ್ದುಕೊಳ್ಳುವವರೂ ಇದ್ದಾರೆ. ಪ್ರೈಮರ್, ಮದ್ದು ಮಾತ್ರ ಕಾರ್ಖಾನೆಯಿಂದಲೇ ಬರಬೇಕು. ಹಾಗಾಗಿ ಮೊದಲ ಸಲಹೆ: ಪ್ರೈಮರ್, ಮದ್ದು ಎರಡೂ ಸಿಗುತ್ತವೆಂದು ಖಾತ್ರಿಯಾದ ಮೇಲೆ ಯಂತ್ರ ಕೊಳ್ಳಿ.

ಲೀ ಕ್ಲಾಸಿಕ್ ಟರೆಟ್ ನಾಲ್ಕು ಡೈ (ಕೇಸಿಗೆ ಒಂದೊಂದು ಕೆಲಸ ಮಾಡುವ ಅಚ್ಚು) ಕೂರುವ ಪ್ರೆಸ್. ಹಿಡಿ ಎಳೆದಂತೆಲ್ಲ ಡೈಗಳನ್ನು ಹೊತ್ತ ಚಕ್ರ, ಅಂದರೆ ಟರೆಟ್, ತಾನೇ ತಿರುಗುತ್ತದೆ. ನಾಲ್ಕು ಎಳೆತಕ್ಕೆ ಒಂದು ತೋಟಾ. ಮೊದಲ ಡೈ ಹಳೆಯ ಪ್ರೈಮರ್ ತಳ್ಳಿ ಕೇಸನ್ನು ಅಳತೆಗೆ ತರುತ್ತದೆ, ಹಿಡಿ ಹಿಂದಕ್ಕೆ ಹೋಗುವಾಗ ಹೊಸ ಪ್ರೈಮರ್ ಕೂರುತ್ತದೆ. ಎರಡನೆಯದು ಕೇಸಿನ ಬಾಯಿ ತುಸು ಅಗಲಿಸಿ ಮದ್ದು ಬಿಡುತ್ತದೆ. ಮೂರನೆಯದು ಗುಂಡು ಕೂರಿಸಿದರೆ ನಾಲ್ಕನೆಯದು ಬಾಯಿ ಬಿಗಿಯುತ್ತದೆ. ಗಂಟೆಗೆ 150ರ ಆಸುಪಾಸು ನಿಧಾನವಾಗಿ ಆಗುತ್ತದೆ. ಅದಕ್ಕಿಂತ ವೇಗ ಬೇಕೆನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ.

ಹೊಸಬರು ಟರೆಟ್ ತಿರುಗಿಸುವ ಕಂಬಿಯನ್ನು ತೆಗೆದಿಟ್ಟು ಶುರುಮಾಡುವುದು ಒಳ್ಳೆಯದು. ಆಗ ಇದು ಒಂದೊಂದೇ ಹಂತ ಮಾಡುವ ಪ್ರೆಸ್ ಆಗುತ್ತದೆ. ಐವತ್ತು ಕೇಸಿಗೆ ಪ್ರೈಮರ್ ಹಾಕಿ, ಮರದ ಹಲಗೆಯ ಗುಳಿಗಳಲ್ಲಿ ನಿಲ್ಲಿಸಿ, ಮದ್ದು ತುಂಬಿ. ಗುಂಡು ಕೂರಿಸುವ ಮೊದಲು ದೀಪ ಹಿಡಿದು ಐವತ್ತರ ಒಳಗೂ ನೋಡಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು. ಒಂದು ಖಾಲಿ ಉಳಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆಯೇ ಮುಂದಿನದನ್ನು ಹಾರಿಸಿದರೆ ನಳಿಗೆ ಸೀಳಬಹುದು. ಒಂದಕ್ಕೆ ಎರಡು ಪಾಲು ಬಿದ್ದರೆ ಪಿಸ್ತೂಲೇ ಕೈಯಲ್ಲಿ ಸಿಡಿಯಬಹುದು. ಈ ನೋಟಕ್ಕೆ ಬದಲಿ ಯಾವ ಯಂತ್ರವೂ ಇಲ್ಲ. ಎರಡು ಪಾಲು ಬಿದ್ದರೆ ಕೇಸಿನಿಂದ ಹೊರಚೆಲ್ಲುವಷ್ಟು ಜಾಗ ಹಿಡಿಯುವ ಮದ್ದನ್ನು ಆರಿಸಿಕೊಂಡರೆ ಇನ್ನೂ ಕ್ಷೇಮ.

ಮದ್ದಿನ ತೂಕವನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಅದು ಮದ್ದಿನ ತಯಾರಕರ ಇತ್ತೀಚಿನ ಕೈಪಿಡಿಯಲ್ಲಿ, ನಿಮ್ಮ ಗುಂಡಿನ ತೂಕ, ಆಕಾರಕ್ಕೆ ತಕ್ಕ ಸಾಲಿನಲ್ಲಿ ಇರುತ್ತದೆ. ಅಲ್ಲಿನ ಆರಂಭದ ಅಳತೆಯಿಂದಲೇ ತೊಡಗಬೇಕು. ಕೊರತೆಯ ಕಾಲದ ದೊಡ್ಡ ಅಪಾಯ ಇರುವುದೇ ಇಲ್ಲಿ: ಬೇಕಾದದ್ದು ಸಿಗದಾಗ "ಹೆಚ್ಚುಕಮ್ಮಿ ಅದೇ ತರಹದ್ದು" ಎಂದು ಬೇರೆ ಮದ್ದು, ಬೇರೆ ಪ್ರೈಮರ್ ಹಾಕುವ ಆಸೆ. ಹೆಸರಲ್ಲಿ ಒಂದೇ ಅಂಕಿ ಇರುವ ಎರಡು ಕಂಪನಿಗಳ ಮದ್ದು ಒಂದೇ ಅಲ್ಲ. ಲೇಬಲ್ ಇಲ್ಲದ ಡಬ್ಬಿಯ ಮದ್ದನ್ನು ಮುಟ್ಟಲೇಬೇಡಿ. ಒಂದು ಪೌಂಡ್ ಮದ್ದು ಎಂದರೆ 7000 ಗ್ರೇನ್ (ಮದ್ದು ತೂಗುವ ಪುಟ್ಟ ಅಳತೆ), ಪಿಸ್ತೂಲಿಗೆ ಅದು ಬಹಳ ದಿನ ಬಾಳುತ್ತದೆ. ಆದ್ದರಿಂದ ಸರಿಯಾದದ್ದಕ್ಕೆ ಕಾಯುವುದರಲ್ಲಿ ನಷ್ಟವಿಲ್ಲ.

ಬಳಕೆಯಲ್ಲಿ ಎಡವಟ್ಟಾಗುವ ಜಾಗಗಳು ಗೊತ್ತಿರುವಂಥವೇ. ಹಿಡಿಯನ್ನು ಅರ್ಧದಲ್ಲಿ ಹಿಂದಕ್ಕೆ ಒಯ್ದರೆ ಟರೆಟ್ ತಿರುಗಿಸುವ ಪ್ಲಾಸ್ಟಿಕ್ ರಾಚೆಟ್ (ಒಂದೇ ದಿಕ್ಕಿಗೆ ತಿರುಗಿಸುವ ಭಾಗ) ಸವೆಯುತ್ತದೆ. ಒಂದೆರಡು ಬಿಡಿಭಾಗ ಇಟ್ಟುಕೊಳ್ಳಿ. ಪ್ರೈಮರ್ ಪೂರ್ತಿ ಕೂತಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಸೇನೆಯ ಕೇಸುಗಳಲ್ಲಿ ಪ್ರೈಮರ್ ಸುತ್ತ ಅಂಚು ಮಡಿಸಿರುತ್ತದೆ, ಅದನ್ನು ಕೆರೆದು ತೆಗೆಯದೆ ಹೊಸದು ಕೂರುವುದಿಲ್ಲ. ರಾಶಿಯಲ್ಲಿ ಸೇರಿಕೊಂಡ .380 ಕೇಸುಗಳನ್ನು (ನೋಡಲು 9 ಎಂಎಂನಂತೆಯೇ, ಉದ್ದ ಕಡಿಮೆ) ಆರಿಸಿ ತೆಗೆಯಿರಿ. 9 ಎಂಎಂ ತೋಟಾ ಚೇಂಬರಿನಲ್ಲಿ (ನಳಿಗೆಯ ಹಿಂಬದಿಯ ಗೂಡಿನಲ್ಲಿ) ನಿಲ್ಲುವುದು ಕೇಸಿನ ಬಾಯಿಯ ಆಧಾರದಲ್ಲಿ, ಆದ್ದರಿಂದ ಅತಿಯಾಗಿ ಬಿಗಿಯಬಾರದು. ಬಿಚ್ಚಿದ ನಳಿಗೆಗೆ ತೋಟಾ ಹಾಕಿದರೆ ಠಣ್ ಎಂದು ಕೂತು, ತಲೆಕೆಳಗೆ ಮಾಡಿದರೆ ತಾನೇ ಬೀಳಬೇಕು. 9 ಎಂಎಂ ತೋಟಾದ ಒಟ್ಟು ಉದ್ದದ ಗರಿಷ್ಠ ಮಿತಿ 1.169 ಇಂಚು. ಮಿತಿಯೊಳಗಿದ್ದರೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಗುಂಡು ಆಳಕ್ಕೆ ಇಳಿದರೆ ಒತ್ತಡ ಏರುತ್ತದೆ.

ಬರೀ ಉಳಿತಾಯಕ್ಕೆಂದು ಇದನ್ನು ಕೊಳ್ಳುವುದಾದರೆ ನಿರಾಸೆ ಖಂಡಿತ; ಡೈ, ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಕೇಸು ತೊಳೆಯುವ ಯಂತ್ರ ಸೇರಿ ಖರ್ಚು ಬೆಳೆಯುತ್ತದೆ. ಕೊರತೆ ಇಲ್ಲದಾಗ ಸಾಮಗ್ರಿ ಕೂಡಿಟ್ಟು, ನಿಯಮಿತವಾಗಿ ಗುರಿ ಅಭ್ಯಾಸ ಮಾಡುವವರಿಗೆ ಮಾತ್ರ ಇದು ಸಾರ್ಥಕ.

ಕಾನೂನಿನ ಮಾತು: ಅಮೆರಿಕದಲ್ಲಿ ಸ್ವಂತ ಬಳಕೆಗೆ ಫೆಡರಲ್ ಪರವಾನಗಿ ಬೇಡ, ಮಾರಾಟಕ್ಕೆ ತಯಾರಿಸಲು ಬೇಕು, ರಾಜ್ಯದ, ಊರಿನ ನಿಯಮ ಬೇರೆ ಇರಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಅಲ್ಲಿ ಇದನ್ನು ಮಾಡಬೇಡಿ.

ಮದ್ದನ್ನೂ ಪ್ರೈಮರನ್ನೂ ಅವುಗಳ ಮೂಲ ಡಬ್ಬಿಯಲ್ಲೇ, ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಸುಟ್ಟ ಪ್ರೈಮರಿನ ಧೂಳಿನಲ್ಲಿ ಸೀಸವಿದೆ: ಕೇಸನ್ನು ನೀರಿನಲ್ಲಿ ತೊಳೆಯುವ ಯಂತ್ರ ವಾಸಿ, ಕೆಲಸ ಮುಗಿದ ಕೂಡಲೇ ತಣ್ಣೀರು ಸೋಪಿನಲ್ಲಿ ಕೈ ತೊಳೆಯಿರಿ, ಅಡುಗೆಮನೆಯ ಮೇಜಿನ ಮೇಲೆ ಎಂದೂ ಪ್ರೆಸ್ ಹೂಡಬೇಡಿ.