ಡಯಟ್ ಚಾರ್ಟ್, ಸಿರಿಧಾನ್ಯ, ಅರ್ಧ ಮುದ್ದೆ: ಶುಗರ್‌ಗೆ ನನಗೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅರ್ಧ ಮುದ್ದೆಗೆ. ಮೂರನ್ನೂ ಮಾಡಿ, ಬೆರಳು ಚುಚ್ಚಿಕೊಂಡು ಮನೆಯ ಶುಗರ್ ಮೀಟರಿನಲ್ಲಿ ನೋಡಿಯೇ ಈ ಮಾತು.

ಒಂದು, ಡಯಟೀಶಿಯನ್ ಕೊಟ್ಟ ಚಾರ್ಟ್. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು. ಪ್ಯಾಕೇಜಿಗೆ ಆರು ಸಾವಿರ ರೂಪಾಯಿ. ಎರಡು, ಅಕ್ಕಿ ಗೋಧಿ ಬಿಟ್ಟು ಬರೀ ಸಿರಿಧಾನ್ಯ. ಮೂರು, ಮನೆಯ ಅಡುಗೆಯೇ, ಆದರೆ ಮುದ್ದೆ ಅನ್ನ ಅರ್ಧಕ್ಕೆ ಇಳಿಸಿ ಸೊಪ್ಪು ಕಾಳು ಜಾಸ್ತಿ ಮಾಡುವುದು. ನನ್ನದು ಟೈಪ್ 2, ಮಾತ್ರೆ ಮೆಟ್‌ಫಾರ್ಮಿನ್ ಒಂದೇ. ಇದನ್ನು ನೆನಪಿಟ್ಟುಕೊಂಡು ಓದಿ.

ಚಾರ್ಟ್‌ನಲ್ಲಿ ನನ್ನ ತಲೆ ತಿಂದದ್ದು ಒಂದೇ ಸಾಲು. ಮಧ್ಯಾಹ್ನಕ್ಕೆ ‘ಮಧ್ಯಮ ಗಾತ್ರದ ಮುದ್ದೆ 1 ಅಥವಾ ಅನ್ನ 1 ಕಪ್’. ಮಧ್ಯಮ ಅಂದರೆ ಯಾರ ಮಧ್ಯಮ? ಮಂಡ್ಯದ ಕಡೆ ಮನೆಯಲ್ಲಿ ಕಟ್ಟುವ ಮುದ್ದೆ ಬೇರೆ, ಬೆಂಗಳೂರಿನ ಹೋಟೆಲಿನಲ್ಲಿ ತಟ್ಟೆಗೆ ಬೀಳುವುದು ಬೇರೆ. ಕೇಳಿದ್ದಕ್ಕೆ ‘ಕ್ರಿಕೆಟ್ ಬಾಲಿನಷ್ಟು’ ಅಂದರು. ಇನ್ನೊಂದು ಸಲ ಫೋನ್ ಮಾಡಿದಾಗ ಬೇರೆಯವರು ಸಿಕ್ಕರು, ಅವರದು ‘ನಿಮ್ಮ ಮುಷ್ಟಿಯಷ್ಟು’.

ಕೊನೆಗೆ ಅಡುಗೆಮನೆಯ ತಕ್ಕಡಿ ತೆಗೆದೆ. ಕಟ್ಟಿದ ಮುದ್ದೆ ತೂಗಿ ಪ್ರಯೋಜನವಿಲ್ಲ, ಅದರಲ್ಲಿ ನೀರೇ ಜಾಸ್ತಿ. ಎಸರಿಗೆ ಹಾಕುವ ಮೊದಲೇ ಹಿಟ್ಟನ್ನು ತೂಗಬೇಕು. ನಮ್ಮನೆಯ ಒಂದು ಮುದ್ದೆಗೆ ಹತ್ತಿರ ಹತ್ತಿರ 90 ಗ್ರಾಂ ಹಿಟ್ಟು ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ ಕಾರ್ಬ್ (ಅರಗಿ ರಕ್ತದ ಸಕ್ಕರೆಯಾಗುವ ಪಿಷ್ಟ) ಸುಮಾರು 67 ಗ್ರಾಂ. ಅಂದರೆ ಒಂದು ಮುದ್ದೆಗೆ 60 ಗ್ರಾಂ ಆಯಿತು. ಒಂದು ಕಪ್ ಅನ್ನ, ಅಂದರೆ 150 ಗ್ರಾಂ ಅಂದುಕೊಳ್ಳಿ, ಅದರಲ್ಲಿ 40-45 ಗ್ರಾಂ ಇರುತ್ತದೆ. ಚಾರ್ಟ್ ಎರಡರ ಮಧ್ಯೆ ‘ಅಥವಾ’ ಹಾಕಿ ಕೂತಿದೆ!

ರಾಗಿಯನ್ನು ಬೈಯುತ್ತಿಲ್ಲ. ನಾರು 100 ಗ್ರಾಮಿಗೆ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಕೂಡ ಇಲ್ಲ. ಕ್ಯಾಲ್ಸಿಯಂ ಬೇರೆ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಅರಗಿ ಶುಗರ್ ಬೇಗ ಏರಿಸುತ್ತದೆ, ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ. ಅದೇ ಚಾರ್ಟ್ ಹನ್ನೊಂದು ಗಂಟೆಗೆ ರಾಗಿ ಮಾಲ್ಟ್ ಕುಡಿಯಿರಿ ಅನ್ನುತ್ತಿತ್ತು. ‘ಶುಗರ್ ಇದ್ದವರಿಗೆ ರಾಗಿ ಒಳ್ಳೇದು’ ಅನ್ನುವ ಮಾತು ಎಷ್ಟು ಅನ್ನುವುದನ್ನೇ ನುಂಗಿಬಿಟ್ಟಿದೆ. ಇಡೀ ಮುದ್ದೆ ತಿಂದ ಎರಡು ಗಂಟೆಗೆ ನನ್ನ ಮೀಟರ್ 200 ದಾಟುತ್ತಿತ್ತು. ಅರ್ಧ ಮುದ್ದೆ, ಜೊತೆಗೆ ಒಂದು ಬಟ್ಟಲು ಕಾಳು ತಿಂದರೆ 150ರ ಆಸುಪಾಸು. ಮನೆ ಮೀಟರ್‌ನಲ್ಲಿ ಶೇ. 15ರವರೆಗೆ ಆಚೀಚೆ ಆಗುವುದು ಮಾಮೂಲಿ, ಹಾಗಾಗಿ 150 ಮತ್ತು 160ರ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಐವತ್ತರ ವ್ಯತ್ಯಾಸ ಮಾತ್ರ ಸುಮ್ನೆ ಬರುವುದಿಲ್ಲ.

ಕಾರ್ಬ್ ಇಳಿಸಲೇ ಅಂತ ಡಯಟೀಶಿಯನ್ ಹತ್ತಿರ ಕೇಳಿದೆ. ‘ಬೇಡ, ಮೆದುಳಿಗೆ ಗ್ಲೂಕೋಸ್ ಬೇಕು’ ಅಂದರು. ಬೇಕು, ಒಪ್ಪಿದೆ. ಆದರೆ ಅದನ್ನು ಲಿವರ್ ತಾನೇ ಮಾಡಿಕೊಳ್ಳುತ್ತದಲ್ವಾ? ಅಮೆರಿಕದ ಡಯಾಬಿಟಿಸ್ ಅಸೋಸಿಯೇಶನ್ 2019ರ ವರದಿಯಲ್ಲೇ, ರಕ್ತದ ಸಕ್ಕರೆ ಇಳಿಸಲು ಅತಿ ಹೆಚ್ಚು ಪುರಾವೆ ಇರುವುದು ಒಟ್ಟು ಕಾರ್ಬ್ ಕಡಿಮೆ ಮಾಡುವುದಕ್ಕೆ ಎಂದು ಹೇಳಿದೆ. ಎಲ್ಲರಿಗೂ ಒಂದೇ ಊಟದ ಕ್ರಮ ಇಲ್ಲ ಅಂತಲೂ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಶುಗರ್ ಇಲ್ಲದವರಿಗೂ ಧಾನ್ಯದಿಂದ ಬರುವ ಶಕ್ತಿ ಶೇ. 45 ದಾಟದಿರಲಿ ಅನ್ನುತ್ತದೆ. ನನ್ನ ಚಾರ್ಟ್ ಕೂಡಿಸಿ ನೋಡಿದೆ, ಎಲ್ಲೋ ದಾಟಿ ಹೋಗಿತ್ತು. ನಾಲ್ಕು ಗಂಟೆಯ ಮಾರಿ ಬಿಸ್ಕತ್ತು ಬೇರೆ.

ಚಾರ್ಟ್‌ನಲ್ಲಿ ಜ್ಯೂಸ್ ಬಿಡಿಸಿದ್ದು ಒಳ್ಳೆಯದಾಯಿತು.

ಇನ್ನು ಸಿರಿಧಾನ್ಯ. ನವಣೆ, ಸಾಮೆ, ಊದಲು, ಆರ್ಕ, ಕೊರಲೆ ಎಲ್ಲ ತಂದೆ. ರುಚಿಗೆ ನವಣೆ ಮೊದಲು, ಆರ್ಕ ಕೊನೆಗೆ. ಆದರೆ ಇದೂ ಧಾನ್ಯವೇ, ಕಾರ್ಬ್ ಇದ್ದೇ ಇದೆ. ‘ಇದು ಸಿರಿಧಾನ್ಯ ತಾನೇ’ ಅಂತ ಕೈ ಸಡಿಲವಾಗುತ್ತದೆ. ತಟ್ಟೆ ತುಂಬ ನವಣೆ ಬಿಸಿಬೇಳೆಬಾತ್ ತಿಂದ ದಿನ ಮೀಟರ್‌ಗೆ ಅನ್ನಕ್ಕೂ ಅದಕ್ಕೂ ದೊಡ್ಡ ಫರಕು ಕಾಣಲಿಲ್ಲ. ಅಂಗಡಿಯಲ್ಲಿ ಸಿಗುವುದು ಎಷ್ಟೋ ಸಲ ಪಾಲಿಶ್ ಆದದ್ದು. ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಲೆ ಸೋನಾ ಮಸೂರಿಗಿಂತ ಜಾಸ್ತಿ. ಮನೆಯವರಿಗೆ ಬೇಡ, ಹಾಗಾಗಿ ಎರಡು ಕುಕ್ಕರ್. ವಾರಕ್ಕೊಮ್ಮೆ ನವಣೆ ಉಪ್ಪಿಟ್ಟು ಮಾತ್ರ ಉಳಿದುಕೊಂಡಿದೆ.

ಅರ್ಧ ಮುದ್ದೆಗೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಬಸ್ಸಾರಿನ ಪಲ್ಯ, ಹುರಳಿ ಕಾಳು, ಸೀಸನ್‌ನಲ್ಲಿ ಅವರೆಕಾಳು, ಕೋಸಂಬರಿ, ಒಂದು ಮೊಟ್ಟೆ. ಮೊದಲು ಇವುಗಳಲ್ಲಿ ಹೊಟ್ಟೆ ಮುಕ್ಕಾಲು ತುಂಬಿಸಿ ಆಮೇಲೆ ಮುದ್ದೆಗೆ ಕೈ ಹಾಕುತ್ತೇನೆ. ತರಕಾರಿ ಕಾಳು ಮೊದಲು, ಧಾನ್ಯ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಉಂಡ ಮೇಲೆ ರಸ್ತೆಯಲ್ಲಿ ಎರಡು ಸುತ್ತು. ಶುರುವಿನಲ್ಲಿ ಸಂಜೆ ಹಸಿವು ಕಾಡಿತು, ಒಂದು ಹಿಡಿ ಕಡಲೆಬೀಜ ಮತ್ತು ಮಜ್ಜಿಗೆಯಲ್ಲಿ ತೀರಿತು.

ಆದರೆ ಅಪ್ಪನಿಗೆ ಇದನ್ನು ಹೇಳುವುದಿಲ್ಲ. ಅವರು ಗ್ಲಿಮೆಪಿರೈಡ್ ತಗೊಳ್ಳುತ್ತಾರೆ, ಅದು ಮೈಯಲ್ಲಿ ಇನ್ಸುಲಿನ್ ಹೆಚ್ಚಿಸುವ ಮಾತ್ರೆ. ಅಂಥ ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಇದ್ದು ಅನ್ನ ಮುದ್ದೆ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಡಾಕ್ಟರ್ ಡೋಸ್ ಸರಿ ಮಾಡಿದ ಮೇಲೆಯೇ ಊಟ ಇಳಿಸಬೇಕು. ಅವರಿಗೆ ಹೊತ್ತು ಹೊತ್ತಿಗೆ ತಿನ್ನುವ ಆ ಚಾರ್ಟ್ ಚೆನ್ನಾಗಿಯೇ ಒಗ್ಗಿದೆ. ಕಿಡ್ನಿ ತೊಂದರೆ ಇರುವವರೂ ಕಾಳು ಹೆಚ್ಚಿಸುವ ಮೊದಲು ಕೇಳಿಕೊಳ್ಳಿ.

ನನ್ನ ಮೀಟರ್‌ನ ಪಟ್ಟಿ (ರಕ್ತದ ಹನಿ ಹಾಕುವ ಸ್ಟ್ರಿಪ್) ಒಂದಕ್ಕೆ ಸುಮಾರು 20 ರೂಪಾಯಿ. ಪ್ಯಾಕೇಜಿನ ದುಡ್ಡಿಗೆ 300 ಪಟ್ಟಿ ಬರುತ್ತಿದ್ದವು. ಈಗ ದಿನಾ ಚುಚ್ಚಿಕೊಳ್ಳುವುದಿಲ್ಲ, ಹೊಸ ತಿಂಡಿ ಬಂದಾಗ ಮಾತ್ರ. ಮುಂದಿನ ಸರದಿ ಅಕ್ಕಿ ರೊಟ್ಟಿಯದು. ಅದರ ನಂಬರ್ ಏನೇ ಬರಲಿ, ಭಾನುವಾರ ಒಂದಂತೂ ಬಿಡುವುದಿಲ್ಲ.