ದರೋಜಿಯ ವೀಕ್ಷಣಾ ಗೋಪುರ: ಕರಡಿಯೂ ನಿಜ, ಬೆಲ್ಲವೂ ನಿಜ

ಕಾಡಿನ ಕರಡಿಯನ್ನು ಹಗಲು ಬೆಳಕಿನಲ್ಲಿ, ಜೀಪಿನ ಗದ್ದಲವಿಲ್ಲದೆ, ಒಂದೇ ಕಡೆ ಕುಳಿತು ನೋಡುವ ಅವಕಾಶ ನಮ್ಮಲ್ಲಿ ಬಹಳ ಅಪರೂಪ. ಹಂಪಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿರುವ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರ ಆ ಅವಕಾಶವನ್ನು ಕೊಡುತ್ತದೆ. 1994ರಲ್ಲಿ ಘೋಷಣೆಯಾದ ಈ ಅಭಯಾರಣ್ಯಕ್ಕೆ ವನ್ಯಜೀವಿ ಛಾಯಾಗ್ರಾಹಕರು ದೂರದೂರದಿಂದ ಬರುತ್ತಾರೆ. ಇಲ್ಲಿ ತೆಗೆದ ಚಿತ್ರಗಳು ಛಾಯಾಚಿತ್ರ ಪ್ರದರ್ಶನಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಧಾರಾಳವಾಗಿ ಕಾಣಸಿಗುತ್ತವೆ. ಹೀಗಾಗಿ ಗೋಪುರದ ಅನುಕೂಲಗಳ ಜೊತೆಗೆ ಅಲ್ಲಿ ದೊರೆಯುವ ಚಿತ್ರ ಎಂಥದ್ದು, ಅದು ಎಷ್ಟರ ಮಟ್ಟಿಗೆ ಕಾಡಿನ ಸತ್ಯವನ್ನು ಹೇಳುತ್ತದೆ ಎಂಬುದನ್ನೂ ಈ ವಿಮರ್ಶೆಯಲ್ಲಿ ಪರಿಶೀಲಿಸುತ್ತೇನೆ.

ಮೊದಲು ಅಲ್ಲಿ ನಡೆಯುವುದನ್ನು ಇದ್ದ ಹಾಗೆ ಹೇಳಬೇಕು. ಗೋಪುರದ ಎದುರಿಗೆ ಕರಡಿಕಲ್ಲು ಗುಡ್ಡವಿದೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳು, ಅವುಗಳ ನಡುವಿನ ಗವಿಗಳು, ಸುತ್ತ ಕುರುಚಲು ಕಾಡು. ಅರಣ್ಯ ಸಿಬ್ಬಂದಿ ಗುಡ್ಡದ ಬುಡದ ಬಂಡೆಗಳ ಮೇಲೆ ಬೆಲ್ಲದ ಸಿಹಿ ಮಿಶ್ರಣವನ್ನು ಸವರಿ ಹೋಗುತ್ತಾರೆ. ಬಿಸಿಲಿನ ಝಳ ಇಳಿಯುತ್ತಿದ್ದಂತೆ ಕರಡಿಗಳು ಗವಿಗಳಿಂದ ಒಂದೊಂದಾಗಿ ಹೊರಬಿದ್ದು, ಬಂಡೆಯಿಂದ ಬಂಡೆಗೆ ಇಳಿಯುತ್ತ ಬಂದು ಅದನ್ನು ನೆಕ್ಕತೊಡಗುತ್ತವೆ. ನವಿಲು, ಮುಂಗುಸಿ, ಕಾಡುಹಂದಿಗಳಿಗೂ ಅದರಲ್ಲಿ ಪಾಲುಂಟು. ಇದು ಗುಟ್ಟಿನ ವಿಷಯವೇನಲ್ಲ, ಅಲ್ಲಿಗೆ ಹೋದವರಿಗೆಲ್ಲ ತಿಳಿದದ್ದೇ. ಆದರೆ ಆ ಚಿತ್ರಗಳನ್ನು ಮನೆಯಲ್ಲಿ ಕುಳಿತು ನೋಡುವವರಿಗೆ ಮಾತ್ರ ಇದನ್ನು ಯಾರೂ ಹೇಳುವುದಿಲ್ಲ.

ಚೆಲುವಿನ ವಿಷಯದಲ್ಲಿ ದರೋಜಿಗೆ ಸಾಟಿಯಿಲ್ಲ. ಬೇರೆ ಕಾಡುಗಳಲ್ಲಿ ಕರಡಿ ಸಿಕ್ಕರೆ ಸಾಮಾನ್ಯವಾಗಿ ಪೊದೆಯೊಳಗೆ ನುಗ್ಗುತ್ತಿರುವ ಬೆನ್ನಷ್ಟೇ ದಕ್ಕುತ್ತದೆ. ಇಲ್ಲಿ ಇಡೀ ಪ್ರಾಣಿ ತೆರೆದ ಬಂಡೆಯ ಮೇಲೆ ನಿಂತಿರುತ್ತದೆ, ಇಳಿಬಿಸಿಲಿಗೆ ಬೂದು ಕಲ್ಲು ಹೊಂಬಣ್ಣಕ್ಕೆ ತಿರುಗಿದ ಹೊತ್ತಿನಲ್ಲಿ ಅದರ ಕಪ್ಪು ಮೈ ಎದ್ದು ಕಾಣುತ್ತದೆ. ದುರ್ಬೀನಿನಲ್ಲಿ ಸ್ವಲ್ಪ ಹೊತ್ತು ನಿಧಾನವಾಗಿ ನೋಡಿದರೆ ಆ ಕಪ್ಪು ಒಂದೇ ಕಪ್ಪಲ್ಲ ಎಂಬುದು ತಿಳಿಯುತ್ತದೆ. ಹುತ್ತ ಕೆದಕಿದ ಕರಡಿಯ ಭುಜದ ಉದ್ದ ಕೂದಲಿನಲ್ಲಿ ಕೆಮ್ಮಣ್ಣಿನ ಧೂಳು ಕೂತಿರುತ್ತದೆ, ಮೂತಿ ಮಾಸಲು ಬಿಳುಪು, ಎದೆಯ ಮೇಲೆ ತಿಳಿಬಣ್ಣದ ಪಟ್ಟೆ, ಮುಂಗಾಲಿನಲ್ಲಿ ದಂತದ ಬಣ್ಣದ ಬಾಗಿದ ಉಗುರುಗಳು. ನೆಕ್ಕುವಾಗ ಅದರ ಸಡಿಲವಾದ ಉದ್ದ ತುಟಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಈ ತುಟಿ, ಮೇಲ್ದವಡೆಯ ನಡುಭಾಗದಲ್ಲಿ ಎರಡು ಬಾಚಿಹಲ್ಲುಗಳಿಲ್ಲದ ಸಂದು, ಇವೆರಡೂ ಗೆದ್ದಲನ್ನು ಗಾಳಿಯೊಡನೆ ಹೀರಿ ತಿನ್ನಲು ಒದಗಿಬಂದ ಏರ್ಪಾಡುಗಳು. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಕಡಿದಾದ ಬಂಡೆಯನ್ನು ಇಳಿಯುವುದನ್ನು ಒಮ್ಮೆ ಕಂಡವರು ಜೀವಮಾನವಿಡೀ ಮರೆಯಲಾರರು.

ಛಾಯಾಗ್ರಾಹಕನ ಕೈಚಳಕಕ್ಕೂ ಇಲ್ಲಿ ಸತ್ವಪರೀಕ್ಷೆಯಿದೆ. ಗೋಪುರದಿಂದ ಬಂಡೆಗಳು ದೂರವಿರುವುದರಿಂದ 400 ಮಿ.ಮೀ.ಗಿಂತ ಕಡಿಮೆ ಲೆನ್ಸಿನಲ್ಲಿ ಕರಡಿ ಚಿಕ್ಕದಾಗಿ ಬೀಳುತ್ತದೆ. ಬೆಳ್ಳಗಿನ ಬಂಡೆ ಫ್ರೇಮಿನ ಬಹುಭಾಗವನ್ನು ಆವರಿಸಿದಾಗ ಕ್ಯಾಮೆರಾ ಆ ಬಂಡೆಯ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿಕೊಳ್ಳುತ್ತದೆ, ಕರಡಿ ಬರೀ ಕಪ್ಪು ಮುದ್ದೆಯಾಗುತ್ತದೆ. ಅದೇ ಕರಡಿ ಫ್ರೇಮ್ ತುಂಬಿದರೆ ಕ್ಯಾಮೆರಾ ಕಪ್ಪನ್ನು ಬೂದು ಮಾಡಿಬಿಡುತ್ತದೆ. ಬಂಡೆಯ ಬಿಳುಪು ಸುಟ್ಟುಹೋಗದಷ್ಟು ಎಚ್ಚರ ವಹಿಸಿ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಹದವಾಗಿ ಎತ್ತುವುದು ವಾಡಿಕೆ. ಇದರಲ್ಲಿ ತಪ್ಪೇನೂ ಇಲ್ಲ. ಕಣ್ಣಿಗೆ ಕಂಡ ಕಪ್ಪಿಗೆ ಚಿತ್ರದ ಕಪ್ಪನ್ನು ಹತ್ತಿರ ತರುವ ಕೆಲಸ ಅದು. ಆದರೆ ನೆರಳನ್ನು ವಿಪರೀತ ಎತ್ತಿ ಕರಡಿಯನ್ನು ಕಂದು ಕಂಬಳಿಯಂತೆ ಮಾಡಿದ ಚಿತ್ರಗಳು ಈಗ ಹೆಚ್ಚುತ್ತಿವೆ. ನೋಡುವವರು ಅದೇ ಕರಡಿಯ ಬಣ್ಣವೆಂದು ನಂಬುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೆಲ್ಲ ಸವರಿದ ಬಂಡೆಯಲ್ಲಿ ಅದರ ಕಲೆ ಉಳಿಯುತ್ತದೆ, ಕರಡಿಯ ಮೂತಿಯ ಬಳಿ ಒದ್ದೆಯಾಗಿ ಹೊಳೆಯುವ ಕಡುಬಣ್ಣದ ಮಚ್ಚೆ. ಒಳ್ಳೆಯ ಲೆನ್ಸಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಹಲವರು ಪಕ್ಕದ ಬಂಡೆಯ ತುಣುಕನ್ನು ಅದರ ಮೇಲೆ ನಕಲಿಸಿ (ಕ್ಲೋನ್ ಮಾಡಿ) ಅಳಿಸಿ, ‘ಆಹಾರ ಹುಡುಕುತ್ತಿರುವ ಕರಡಿ’ ಎಂದು ಅಡಿಬರಹ ಕೊಡುತ್ತಾರೆ. ಪ್ರಾಣಿ ನಿಜ, ಜಾಗ ನಿಜ, ಬೆಳಕು ನಿಜ. ಆದರೂ ಆ ಚಿತ್ರ ಸುಳ್ಳು ಹೇಳುತ್ತದೆ, ಏಕೆಂದರೆ ಕರಡಿ ಏನನ್ನೂ ಹುಡುಕುತ್ತಿಲ್ಲ, ಅದಕ್ಕೆ ಗೊತ್ತಿರುವ ಜಾಗದಲ್ಲಿ ಗೊತ್ತಿರುವ ಹೊತ್ತಿಗೆ ಇಟ್ಟ ತಿನಿಸನ್ನು ಅದು ತಿನ್ನುತ್ತಿದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಚಿತ್ರ ಸಂಘವಾದ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಒಪ್ಪಿಕೊಂಡಿರುವ ನಿಸರ್ಗ ಛಾಯಾಚಿತ್ರದ ವ್ಯಾಖ್ಯೆಯ ಪ್ರಕಾರ ಕ್ರಾಪ್ ಮಾಡುವುದನ್ನು ಬಿಟ್ಟರೆ ಚಿತ್ರದಿಂದ ಏನನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ, ಸ್ಥಳ ಬದಲಿಸುವಂತಿಲ್ಲ. ಆ ಲೆಕ್ಕದಲ್ಲಿ ಒಂದು ಬೆಲ್ಲದ ಕಲೆಯನ್ನು ಅಳಿಸಿದರೂ ಚಿತ್ರ ಆ ವಿಭಾಗಕ್ಕೆ ಸಲ್ಲುವುದಿಲ್ಲ. ನಿಯಮ ಕಠಿಣವೆಂದು ಗೊಣಗುವವರನ್ನು ಕಂಡಿದ್ದೇನೆ. ನನಗೆ ಅದು ನ್ಯಾಯವಾಗಿಯೇ ತೋರುತ್ತದೆ, ಏಕೆಂದರೆ ಅಳಿಸಿದ ಆ ಕಲೆಯೇ ಅಲ್ಲಿ ನಡೆದದ್ದಕ್ಕೆ ಇದ್ದ ಏಕೈಕ ಸಾಕ್ಷಿ.

ಜಗತ್ತಿನ ದೊಡ್ಡ ಸ್ಪರ್ಧೆಗಳೂ ಇಂಥ ಪೆಟ್ಟು ತಿಂದಿವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲಿ 2009ರ ಪ್ರಶಸ್ತಿ ಪಡೆದ, ಬೇಲಿ ಹಾರುವ ತೋಳದ ಚಿತ್ರವನ್ನು 2010ರ ಆರಂಭದಲ್ಲಿ ಅನರ್ಹಗೊಳಿಸಲಾಯಿತು. ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರು ನಿರ್ಧರಿಸಿದರು, ಛಾಯಾಗ್ರಾಹಕ ಅದನ್ನು ಒಪ್ಪಲಿಲ್ಲ. 2018ರಲ್ಲಿ ಅದೇ ಸ್ಪರ್ಧೆಯ ಇನ್ನೊಂದು ಪ್ರಶಸ್ತಿ ರದ್ದಾಯಿತು. ಮಿನುಗುವ ಗೆದ್ದಲ ಹುತ್ತದ ಬಳಿ ಬಂದ ಇರುವೆಬಾಕ ಜೀವಂತ ಪ್ರಾಣಿಯಲ್ಲ, ಸತ್ತ ಪ್ರಾಣಿಯ ಚರ್ಮಕ್ಕೆ ಆಕಾರ ಕೊಟ್ಟು ಕಾಪಿಟ್ಟ ಮಾದರಿ ಎಂಬ ತೀರ್ಮಾನಕ್ಕೆ ತನಿಖೆ ಬಂದಿತ್ತು. ಅಲ್ಲೂ ಛಾಯಾಗ್ರಾಹಕ ಆರೋಪವನ್ನು ನಿರಾಕರಿಸಿದರು. ದರೋಜಿಯ ಚಿತ್ರವನ್ನು ಇವುಗಳ ಸಾಲಿಗೆ ಸೇರಿಸುವುದು ಅನ್ಯಾಯ. ಇಲ್ಲಿನ ಕರಡಿ ಪಳಗಿದ್ದಲ್ಲ, ಬೋನಿನದ್ದೂ ಅಲ್ಲ, ಬರುವುದೂ ಬಿಡುವುದೂ ಅದರ ಇಷ್ಟ. ಹಾಗಾಗಿ ಇಲ್ಲಿನ ಒಂದೊಂದು ಚಿತ್ರವನ್ನೂ ಅದು ಏನನ್ನು ಹೇಳಿಕೊಳ್ಳುತ್ತದೆ ಎಂಬುದರ ಮೇಲೆ ಅಳೆಯಬೇಕು. ತಾಯಿ ಮರಿಯನ್ನು ಹೊತ್ತು ಗುಡ್ಡ ಇಳಿಯುವ ಚಿತ್ರ ಪೂರ್ತಿ ನಿಜ. ಎರಡು ಗಂಡು ಕರಡಿಗಳು ಎದ್ದು ನಿಂತು ಒಂದನ್ನೊಂದು ಗದರುವ ಚಿತ್ರದಲ್ಲಿ ಅರ್ಧ ನಿಜ, ಅಷ್ಟು ಕರಡಿಗಳು ಅಷ್ಟು ಹತ್ತಿರ ಸೇರಿದ್ದೇ ಬೆಲ್ಲದ ದೆಸೆಯಿಂದ. ಕರಡಿಯ ಸಹಜ ಆಹಾರಕ್ರಮವನ್ನು ತೋರಿಸುತ್ತೇನೆ ಎನ್ನುವ ಚಿತ್ರವನ್ನಂತೂ ಆ ಬಂಡೆಗಳ ಮೇಲೆ ತೆಗೆಯಲು ಬರುವುದೇ ಇಲ್ಲ.

ಈಚೆಗೆ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಅಲುಗಿಸುತ್ತದೆ, ಎಂಥ ದುಬಾರಿ ಲೆನ್ಸಿನಲ್ಲೂ ಕೂದಲು ಬಿಡಿಬಿಡಿಯಾಗಿ ಮೂಡುವುದಿಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಆ ಮಸುಕಿನ ಮೇಲೆ ತಾವೇ ಕೂದಲು ಬಿಡಿಸುತ್ತವೆ. ದೊಡ್ಡದು ಮಾಡಿ ನೋಡಿದರೆ ಕೂದಲೆಲ್ಲ ಬಾಚಣಿಗೆ ಆಡಿಸಿದಂತೆ ಒಂದೇ ದಿಕ್ಕಿಗೆ ಓರಣವಾಗಿ ಬಿದ್ದಿರುತ್ತದೆ, ಧೂಳಿನ ಗಂಟು ಎಲ್ಲೂ ಇರುವುದಿಲ್ಲ. ಬಂಡೆಯ ಕಲ್ಲುಹೂವುಗಳೂ ನುಣುಪಾಗಿಬಿಡುತ್ತವೆ. ಚಿತ್ರದಲ್ಲಿ ಮರಳಿನಂತೆ ಕಾಣುವ ಚುಕ್ಕೆಗಳನ್ನು (ನಾಯ್ಸ್) ಕಡಿಮೆ ಮಾಡುವಷ್ಟಕ್ಕೆ ಈ ಸಾಧನಗಳನ್ನು ಬಳಸಲು ನನ್ನ ಆಕ್ಷೇಪವಿಲ್ಲ. ಆದರೆ ಕ್ಯಾಮೆರಾ ಕಾಣದ ಕೂದಲನ್ನು ಯಂತ್ರ ಬಿಡಿಸಿದ ಮೇಲೆ ಅದು ಆ ಕರಡಿಯ ಚಿತ್ರವಾಗಿ ಉಳಿಯುವುದಿಲ್ಲ. ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ, ನನಗೆ ಮೂಲ ಚಿತ್ರವೇ ಬೇಕು.

ಬೆಲ್ಲ ಹಾಕುವುದೇ ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು ಮನಸ್ಸಿನದು. ಕಾಡುಪ್ರಾಣಿಗೆ ಮನುಷ್ಯ ತಿನಿಸಿಟ್ಟು ರೂಢಿ ಮಾಡಿಸುವುದು ತಾತ್ವಿಕವಾಗಿ ಒಪ್ಪತಕ್ಕದ್ದಲ್ಲ. ಹೊಲಗದ್ದೆಗಳ ಅಂಚಿನಲ್ಲೇ ಬದುಕುವ ಕರಡಿಗೆ ಸಿಹಿಯ ಚಟ ಹತ್ತಿಸುವುದು ಅದಕ್ಕೂ ರೈತರಿಗೂ ಒಳ್ಳೆಯದಲ್ಲ. ಹಾಗೆಯೇ ನೋಡುಗರನ್ನೆಲ್ಲ ಒಂದು ಗೋಪುರದಲ್ಲಿ, ದೂರದಲ್ಲಿ, ಸುಮ್ಮನೆ ಕೂರಿಸುವ ಈ ಏರ್ಪಾಡಿನಿಂದ ಗುಡ್ಡದ ಉಳಿದ ಭಾಗಕ್ಕೆ ಜನರ ಕಾಟ ತಪ್ಪಿದೆ ಎಂಬುದನ್ನೂ ಅಲ್ಲಗಳೆಯಲಾರೆ. ಗವಿಯ ಬಾಯಿಗೆ ಕ್ಯಾಮೆರಾ ಹಿಡಿದು ಹೋಗುವವರಿಗಿಂತ ಗೋಪುರದಲ್ಲಿ ಕುಳಿತವರು ಸಾವಿರ ಪಾಲು ಮೇಲು. ಬೆಲ್ಲದ ಪ್ರಮಾಣವನ್ನು ಕಡಿಮೆ ಮಾಡುತ್ತ ಬಂದು, ಕರಡಿ ಬಾರದ ಸಂಜೆಗಳನ್ನೂ ನೋಡುಗರು ಸಹಿಸುವಂತಾದರೆ ಒಳ್ಳೆಯದೆಂಬುದು ನನ್ನ ಆಸೆ.

ಹೋಗುವವರು ಮಳೆಗಾಲ ಮುಗಿದ ಮೇಲೆ, ಫೆಬ್ರವರಿಯೊಳಗೆ ಹೋಗುವುದು ಉತ್ತಮ. ಆಗ ಕುರುಚಲು ಹಸಿರಾಗಿರುತ್ತದೆ, ಬಿಸಿಗಾಳಿಯ ಕಾಟವೂ ಕಡಿಮೆ. ಹಂಪಿಯ ಪಕ್ಕದ ಕಮಲಾಪುರದ ಬಳಿ ಜಂಗಲ್ ಲಾಡ್ಜಸ್‌ನ ವಸತಿಧಾಮವಿದೆ. ಕರಡಿ ಇಳಿಯುವ ಮುನ್ನ ಸಮಯ ಸಿಕ್ಕರೆ ಬಂಡೆಗಳ ಸಂದಿನಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಹುಡುಕಬೇಕು. ದಕ್ಷಿಣ ಭಾರತದ ಕಲ್ಲುಗುಡ್ಡಗಳಿಗಷ್ಟೇ ಸೀಮಿತವಾದ ಆ ಹಕ್ಕಿಗೆ ಬೆಲ್ಲದ ಹಂಗಿಲ್ಲ. ಅದೇ ಪ್ರವಾಸದಲ್ಲಿ ಕಮಲಾಪುರದ ಮೃಗಾಲಯಕ್ಕೂ ಹೋಗಿ ಹುಲಿಯ ಚಿತ್ರ ತೆಗೆಯುವವರು ಬಹಳ ಮಂದಿ. ಅದರ ಕೆಳಗೆ ಮೃಗಾಲಯದ ಹೆಸರನ್ನೂ, ಕರಡಿಯ ಚಿತ್ರದ ಕೆಳಗೆ ‘ದರೋಜಿ, ಬೆಲ್ಲ ಸವರಿದ ಬಂಡೆಯ ಮೇಲೆ’ ಎಂಬ ಒಂದು ಸಾಲನ್ನೂ ಬರೆದರೆ ಸಾಕು. ಹಾಗೆ ಬರೆದ ಚಿತ್ರವನ್ನು ನಾನು ಸಂತೋಷದಿಂದ ಗೋಡೆಗೆ ತೂಗುಹಾಕುತ್ತೇನೆ.